ಗೃಹಿಣಿ, ವಯಸ್ಸು ನಲವತ್ತಾರು

ಶಂಶಾಬಾದ್,
ಶುಕ್ರವಾರ

ಯೋಗ, ಪ್ರಯೋಗ ಎರಡರಿಂದಲೂ ನನ್ನ ಪತಿಯಾದ ಡಾಕ್ಟರ್ ಪ್ರಹ್ಲಾದರಿಗೆ ಸುಹಾಸಿನಿಯ ನಮಸ್ಕಾರಗಳು.

ನಾನು ನಿಮ್ಮ ನಂಬರ್ ಬ್ಲಾಕ್ ಮಾಡಿದ್ದಕ್ಕೆ ನೀವು ಕೊರಿಯರ್‌ನಲ್ಲಿ ಕಳಿಸಿದ ಪತ್ರ ತಲುಪಿತು. ಅತ್ತೆಯವರ ಹೃದಯ ಇನ್ನಷ್ಟು ಸೋತಿದೆ, ಹಾಸಿಗೆಯಲ್ಲಿ ಮಲಗಿ ನನ್ನ ಹೆಸರನ್ನೇ ಕರೆಯುತ್ತಾರೆ, ಕೂಡಲೇ ಹಿಂತಿರುಗು ಎಂದಿದ್ದೀರಿ. ಓದಿದವರು ಯಾರಾದರೂ ಕರಗಬೇಕು. ನನಗೆ ಮಾತ್ರ ನಿಮ್ಮ ಸನ್ಮಾನದ ದಿನ ನೆನಪಾಯಿತು.

ಅವತ್ತು ಧರ್ಮಾವರಂ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಟೆಲೊಮೆರೇಸ್ ಎಂಬ ನಿಮ್ಮ ಮುದ್ದಿನ ಕಿಣ್ವದ ಬಗ್ಗೆ ಎಷ್ಟು ಚೆಂದ ಹೇಳಿದಿರಿ! ಸುಲ್ತಾನ್ ಬಜಾರಿನಲ್ಲಿ ಸೀರೆಯಂಚಿಗೆ ಪೀಕೋ ಹೊಡೆಸಿದಂತೆ, ಜೀವಕೋಶದೊಳಗಿನ ವರ್ಣತಂತುಗಳ ತುದಿ ಸವೆಯದಂತೆ ಅದು ಕಾಯುತ್ತದೆ. ವರ್ಷಗಟ್ಟಲೆ ದಣಿದು ಚಿಂತಿಸುವವರಲ್ಲಿ ಅದು ಕುಗ್ಗಬಹುದು. ಆಗ ಮುಪ್ಪು ಬೇಗ, ಹೃದಯಕ್ಕೂ ಅಪಾಯ ಅಂದಿರಿ. ಪೀಕೋ ಹೋಲಿಕೆ ನಾನು ರೊಟ್ಟಿ ಬಡಿಯುತ್ತ ಹೇಳಿದ್ದು. ಇರಲಿ, ದಂಪತಿಗಳಲ್ಲಿ ಕೃತಿಚೌರ್ಯವೆಂಬುದಿಲ್ಲ.

ಆಮೇಲೆ ಪರದೆಯ ಮೇಲೆ ಅವಳು ಬಂದಳು. ಗೃಹಿಣಿ, ವಯಸ್ಸು ನಲವತ್ತಾರು, ಎಂಟು ವರ್ಷದಿಂದ ಹೃದ್ರೋಗಿ ಅತ್ತೆಯ ಆರೈಕೆ, ಜೀವಕೋಶಗಳ ವಯಸ್ಸು ಅರವತ್ತರ ಹತ್ತಿರ. ಸಭೆ ಚಪ್ಪಾಳೆ ತಟ್ಟಿತು. ಪಕ್ಕದ ಹೆಂಗಸು 'ಪಾಪಂ' ಎಂದು ತೆಲುಗಿನಲ್ಲಿ ಮರುಗಿದಳು, ನಾನೂ ತಲೆಯಾಡಿಸಿದೆ. ಸಕ್ಕರೆ ಪರೀಕ್ಷೆಗೆಂದು ಆಗಾಗ ನನ್ನ ತೋಳಿನಿಂದ ನೀವು ತೆಗೆದ ರಕ್ತ ಎಲ್ಲಿಗೆ ಹೋಗುತ್ತಿತ್ತೆಂದು ಆಗ ತಿಳಿಯಿತು.

ಕಾರಿನಲ್ಲಿ ಕೇಳಿದೆ. 'ಹೆಸರೇನು ಹಾಕಿಲ್ಲಲ್ಲ, ಯಾಕ ತಲಿ ಕೆಡಿಸ್ಕೋತೀ?' ಅಂದಿರಿ. ನಾನು ಸವೆಯುತ್ತಿದ್ದೇನೆಂದು ಗೊತ್ತಿದ್ದೂ ಒಬ್ಬ ನರ್ಸನ್ನಾದರೂ ಯಾಕೆ ಇಡಲಿಲ್ಲ ಎಂದದ್ದಕ್ಕೆ ಸಿಗ್ನಲ್ ನೋಡುತ್ತ, 'ನಡುವ ನರ್ಸ್ ಬಂದಿದ್ರ ಅಧ್ಯಯನನ ಕೆಡತಿತ್ತು' ಅಂದಿರಿ.

ಮರುದಿನ ಗೆಳತಿ ಶುಭಾಳ ಮನೆಗೆ ಬಂದೆ. ಇಲ್ಲಿ ತಲೆಯ ಮೇಲೆಯೇ ವಿಮಾನಗಳು ಹಾರುತ್ತವೆ, ಆದರೂ ನಿದ್ದೆ ಬರುತ್ತದೆ. ನಾನು ಹಿಂತಿರುಗುವುದಿಲ್ಲ. ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ ಸೇರಿಸಿಕೊಳ್ಳಿ: ಮಾದರಿ ಮನೆ ಬಿಟ್ಟಿದೆ.

ಇನ್ನು ಯಾರಿಗೂ ಮಾದರಿಯಲ್ಲದ,
ಸುಹಾಸಿನಿ

ತಾ.ಕ.: ನೀವು ಪತ್ರ ಬರೆದದ್ದು ಮಂಗಳವಾರ. ಅತ್ತೆಯವರನ್ನು ಶುಭಾ ಕಾರಿನಲ್ಲಿ ಇಲ್ಲಿಗೆ ಕರೆತಂದದ್ದು ಅದಕ್ಕೂ ಮೊದಲಿನ ಭಾನುವಾರ, ನೀವು ಲ್ಯಾಬಿನಲ್ಲಿದ್ದಾಗ. 'ಅವಗ ಹೇಳಬ್ಯಾಡವಾ, ಯಾವಾಗ ಗೊತ್ತಾಗತದ ನೋಡೂಣು' ಎಂದು ನಗುತ್ತಲೇ ಕಾರಿನಿಂದಿಳಿದರು. ಮಾತ್ರೆ ಒಂದೂ ತಪ್ಪಿಸಿಲ್ಲ. ನಿನ್ನೆಯವರೆಗೆ ಅವರು ತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಇವತ್ತು ಅದನ್ನು ಆಫ್ ಮಾಡಿ ನನ್ನ ಕೈಗೆ ಕೊಟ್ಟರು.