ತುತ್ತು ಮುರಿಯುವ ಕೈ

ನನ್ನ ಬಂಗಾರ ಕೀರ್ತಿಗೆ,

ನಿನಗಿನ್ನೂ ಕನ್ನಡ ಓದಲು ಬರುವುದಿಲ್ಲ, ನಿನ್ನವ್ವ ಸ್ಮಿತಾ ಓದಿ ಹೇಳಲಿ. ನೀನು ನಡುನಡುವೆ ಹೂಂಗುಟ್ಟಿದರೆ ಸಾಕು. ಹೂಂಗುಟ್ಟದಿದ್ದರೆ ನಮ್ಮ ಊರಲ್ಲಿ ಕತೆ ಮುಂದೆ ಹೋಗುವುದಿಲ್ಲ.

ಅಮೆರಿಕದ ರೆಡ್ಮಂಡ್ ಎಂಬ ಊರಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಳು. ಅವಳು ನೀನೇ. ಶಾಲೆಗೆ ಕಟ್ಟಿಕೊಟ್ಟ ಚಪಾತಿ ಹೋದ ಹಾಗೆಯೇ ಮರಳಿ ಬರುತ್ತಿತ್ತು. ಸ್ಮಿತಾ ಪಲ್ಯ ಬದಲಿಸಿದಳು, ತುಪ್ಪ ಹಚ್ಚಿದಳು. ನೀನು ಹಸಿವಿಲ್ಲ ಅನ್ನುತ್ತಿದ್ದೆ. ಮನೆಗೆ ಬಂದೊಡನೆ ನನ್ನ ಕೈತುತ್ತು ಗಬಗಬನೆ ತಿನ್ನುತ್ತಿದ್ದೆ. ಮೆಟ್ಟಿಲಲ್ಲಿ ಮುಗ್ಗರಿಸಿದರೆ, ನೀರು ಚೆಲ್ಲಿದರೆ ನಿನ್ನಪ್ಪ ವಿನಯ, "ಲಕ್ಷ್ಯ ಎಲ್ಲಿರ್ತದ ನಿಂದು?" ಎಂದು ಗದರುತ್ತಿದ್ದ.

ಕೊನೆಗೆ ನಿನ್ನ ಟೀಚರ್ ನಮ್ಮನ್ನು ಕರೆಸಿದರು. ಮಕ್ಕಳ ಕೈಕಾಲು ಹೇಗೆ ಕೆಲಸ ಮಾಡುತ್ತವೆಂದು ನೋಡುವ ಥೆರಪಿಸ್ಟ್ ಒಬ್ಬರು ಅಲ್ಲಿದ್ದರು. ನಿನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿದರು, ಚೆಂಡು ಹಿಡಿಸಿದರು, ಮಣಿ ಪೋಣಿಸಲು ಹೇಳಿದರು. ಮನೆಯಲ್ಲಿ ನೀನೇ ಗುಂಡಿ ಹಾಕಿಕೊಳ್ಳುತ್ತೀಯಾ, ನೀನೇ ಉಣ್ಣುತ್ತೀಯಾ ಎಂದು ಕೇಳಿದರು. ನಾನು ಹೆಮ್ಮೆಯಿಂದ ಅಂದೆ: "ಅಕಿ ಯಾಕ ಮಾಡ್ಕೋಬೇಕ್ರಿ? ನಾ ಅದೀನಲ್ಲ."

ಸ್ಮಿತಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ನಕ್ಕಳು. ಆ ಥೆರಪಿಸ್ಟ್ ನಗಲಿಲ್ಲ. ಇವತ್ತೊಂದು ದಿನ ತಟ್ಟೆ ಇಟ್ಟು, ಉಣಿಸದೆ ಸುಮ್ಮನೆ ನೋಡಿ ಅಂದರು.

ಆ ಸಂಜೆ ನೋಡಿದೆವು. ನೀನು ಚಪಾತಿಯನ್ನು ಒತ್ತಿದೆ, ಎಳೆದೆ. ತುಂಡು ಬರಲಿಲ್ಲ, ಇಡೀ ಚಪಾತಿಯೇ ಎದ್ದು ಬಂತು, ಪಲ್ಯ ನೆಲದ ಪಾಲಾಯಿತು. ಶಾಲೆಯಲ್ಲಿ ಎಲ್ಲರೂ ನೋಡುತ್ತಾರೆ ಎಂದು ನೀನು ಮೆಲ್ಲಗೆ ಹೇಳಿದೆ. ಅದಕ್ಕೇ ದಿನವಿಡೀ ಹಸಿದು ಕೂರುತ್ತಿದ್ದೆಯಲ್ಲ, ನನ್ನ ಕೂಸೇ. ನಮ್ಮ ಮುದ್ದು ನಿನ್ನ ಕಷ್ಟದ ಮೇಲೆ ಕಂಬಳಿ ಹೊದಿಸಿತ್ತು.

ಆಮೇಲೆ ಡಾಕ್ಟರೂ ಪರೀಕ್ಷಿಸಿದರು. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಮನಸ್ಸು ಅಂದುಕೊಂಡದ್ದನ್ನು ಕೈಕಾಲು ಹೊಂದಿಕೊಂಡು ಮಾಡಲು ನಿನಗೆ ಹೆಚ್ಚು ಅಭ್ಯಾಸ ಬೇಕು ಅಂದರು. ವಿನಯ ನಿನ್ನ ಮುಂದೆ ಮೊಣಕಾಲೂರಿ ಕೂತು, "ಇನ್ನ ನಾ ಬೈಯಂಗಿಲ್ಲವ್ವಾ" ಅಂದ.

ಥೆರಪಿಸ್ಟ್ ಹೇಳಿಕೊಟ್ಟಂತೆ, ಮೊದಲು ನಾನು ಚಪಾತಿಯನ್ನು ಮುಕ್ಕಾಲು ಹರಿದು ಕೊಟ್ಟೆ, ಕೊನೆಯ ಎಳೆ ನಿನ್ನದು. ಬರಬರುತ್ತಾ ಅರ್ಧ. ಆಮೇಲೆ ಪೂರಾ ನಿನ್ನದೇ. ನಿನಗಿಂತ ಕಷ್ಟದ ಅಭ್ಯಾಸ ನನ್ನದು: ಕೈ ಸುಮ್ಮನಿರಲೊಲ್ಲದು, ಅದರ ಮೇಲೇ ಕೂರುತ್ತಿದ್ದೆ.

ಮೊನ್ನೆ ಕನ್ನಡ ಕೂಟದ ಪಂಕ್ತಿಯಲ್ಲಿ ನೀನು ನಮ್ಮನ್ನು ಬಿಟ್ಟು ಗೆಳತಿಯರ ನಡುವೆ ಹೋಗಿ ಕೂತೆ. ನಾನು ಈ ತುದಿಯಲ್ಲಿ ಮತ್ತೆ ನನ್ನ ಕೈ ಮೇಲೇ ಕೂತೆ. ಹೋಳಿಗೆ ಬಡಿಸುತ್ತಿದ್ದ ಗಣಪತಿ ಮಾಮಾ ಕೆಣಕಿದ: "ಏನವಾ, ತಿನಸಾಕ ಅಜ್ಜಿ ಬರಲಿಲ್ಲೇನು?" ನೀನು ಹೋಳಿಗೆ ಮುರಿದೆ. ಅಂಚು ಸೊಟ್ಟ, ಹೂರಣ ಲಂಗದ ಮೇಲೆ. ತುತ್ತು ಮಾತ್ರ ಬಾಯಿಗೆ ಹೋಯಿತು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದ ನನ್ನ ಮೊಮ್ಮಗಳು ತುಂಬಿದ ಬಾಯಲ್ಲೇ ಅಂದಳು:

"ನಾನ ತಿಂತೀನಿ. ಇನ್ನೊಂದು ಹಾಕ್ರಿ."

ನಿನ್ನ ಕೈಗೆ ದಿನದಿನಕ್ಕೂ ಹದ ಬರಲಿ, ಹದ ತಪ್ಪಿದ ದಿನ ನಗು ಬರಲಿ.

ಪಂಕ್ತಿಯ ಆ ತುದಿಯಿಂದ ಕಣ್ತುಂಬ ನೋಡಿದ ನಿನ್ನ ಅಜ್ಜಿ,
ದ್ಯಾಮವ್ವ