ಕೊನೆಯ ತೂಬಿನ ಸರದಿ

ಡಿಸೆಂಬರ್ 2, ಸೋಮವಾರ. ಬೆಳಿಗ್ಗೆ

ಎಂದಿನಂತೆ ಹತ್ತಕ್ಕೆ ಕಂಪ್ಯೂಟರ್ ಮುಂದೆ ಕುಳಿತೆ. ಮೂರನೆಯ ಅಧ್ಯಾಯ. ಪ್ರೊಸೆಸರ್ ಒಂದು, ಅದನ್ನು ಕೇಳುವ ಪ್ರೋಗ್ರಾಂಗಳು ಹಲವು. ಯಾರಿಗೆ ಯಾವಾಗ, ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಇಷ್ಟು ಹೇಳಲು ಇಂಗ್ಲಿಷ್ ಪುಸ್ತಕಕ್ಕೆ ಎರಡು ಪುಟ ಬೇಕಾಗಿದೆ. ಮಗಳು ಅರ್ಪಿತ ತನ್ನ ವಿದ್ಯಾರ್ಥಿಗಳಿಗೆ ಹಂಚಿದ ಪಾಠದ ಹಾಳೆಯಲ್ಲಿ ಒಂದೇ ಸಾಲು: "ನಿಮ್ಮೂರಿನ ನೀರುಗಂಟಿಯನ್ನು ನೆನೆಸಿಕೊಳ್ಳಿ."

ನಾಲೆಯ ತೂಬುಗಳನ್ನು ತೆರೆದು ಮುಚ್ಚಿ, ಗದ್ದೆಯಿಂದ ಗದ್ದೆಗೆ ನೀರು ಹಂಚುವವನು ನೀರುಗಂಟಿ. ಈ ಸೀಮೆಯಲ್ಲಿ ಅವನನ್ನು ಅರಿಯದ ಮಗುವಿಲ್ಲ. ಒಳ್ಳೆಯ ಉಪಮೆ. ನಾನು ಹೇಳಿಕೊಟ್ಟದ್ದಲ್ಲ. ಅವಳದೇ.

ಪಶ್ಚಿಮವಾಹಿನಿಯಲ್ಲಿ ಅವಳ ಅಸ್ಥಿ ಬಿಟ್ಟು ಬಂದ ಮೇಲೆ ಮನೆಗೆ ಬರುವವರೆಲ್ಲ ನನ್ನನ್ನು ಈ ಯಂತ್ರದ ಮುಂದೆ ಕಂಡು ತಲೆಯಾಡಿಸುತ್ತಾರೆ. "ಮನ್ಸಿಗೆ ಸಮಾಧಾನ ಆಗ್ಲಿ ಬುಡಿ," ಎನ್ನುತ್ತಾರೆ. ಸಮಾಧಾನಕ್ಕಲ್ಲ. ವಾದಕ್ಕೆ.

ವಿಷಯ ಇಷ್ಟು. ನಮ್ಮ ಪಾಂಡವಪುರದಿಂದ ಅವಳು ದಿನವೂ ಸ್ಕೂಟರಿನಲ್ಲಿ ಕೆ.ಆರ್. ಪೇಟೆಯ ಖಾಸಗಿ ಕಾಲೇಜಿಗೆ ಹೋಗಿ, ಬಿಸಿಎ ಮೊದಲ ವರ್ಷಕ್ಕೆ ಪಾಠ ಹೇಳುತ್ತಿದ್ದಳು. ಅತಿಥಿ ಉಪನ್ಯಾಸಕಿ. ಕಡೆಯ ವಾರ ಒಂದು ಇಂಟರ್ನಲ್ ಪರೀಕ್ಷೆ ನಡೆಸಿ, ಉತ್ತರಪತ್ರಿಕೆಗಳನ್ನು ತಿದ್ದಿ, ಅಂಕ ಕೊಟ್ಟು ಕಾಲೇಜಿಗೆ ಒಪ್ಪಿಸಿದ್ದಳು. ಮರುದಿನ ಸಂಜೆ ಚಿನಕುರಳಿ ಹತ್ತಿರ ಕಬ್ಬಿನ ಟ್ರೇಲರ್. ಹಿಂದೆ ದೀಪವಿರಲಿಲ್ಲ.

ಈಗ ವಿಭಾಗದ ಮುಖ್ಯಸ್ಥ ಲೋಕೇಶ್ ಎಂಬವರು ಆ ಅಂಕಗಳು ನಡೆಯುವುದಿಲ್ಲ ಎಂದಿದ್ದಾರಂತೆ. ಮಕ್ಕಳು ಕನ್ನಡದಲ್ಲಿ ಬರೆದಿದ್ದಾರೆ; ನೀರುಗಂಟಿ, ತೂಬು ಎಂದು ಬರೆದಿದ್ದಾರೆ; ಎಲ್ಲರೂ ಇಂಗ್ಲಿಷಿನಲ್ಲಿ ಮತ್ತೆ ಬರೆಯಬೇಕು. ಹೇಳಿದವಳು ನೂರ್ ಫಾತಿಮಾ, ಅವಳ ವಿದ್ಯಾರ್ಥಿನಿ. ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಬಂದು, ನೀರನ್ನೂ ಕುಡಿಯದೆ ನಿಂತೇ ಹೇಳಿದಳು.

"ಮೇಡಂ ಕೊಟ್ಟಿದ್ ಮಾರ್ಕ್ಸ್ ಸಾರ್. ಅವ್ರು ಇಲ್ಲ ಅಂತ ಹೊಡ್ದಾಕ್ಬುಡದಾ?"

ಹೊಡೆದುಹಾಕಲು ಬಿಡುವುದಿಲ್ಲ. ಒಂದು ಅಂಕೆಯನ್ನೂ.

ಹೆಂಡತಿ ಮಂಗಳಮ್ಮ ಬಂದು ಬಾಗಿಲಲ್ಲಿ ನಿಂತಳು. ಅರ್ಪಿತಳ ಬೀರು ತೆಗೆಯಬೇಕಂತೆ. ಸೀರೆ, ಚೂಡಿದಾರ, ಎಲ್ಲವೂ ಹಾಗೆಯೇ ಇವೆ. ನಾನೂ ಜೊತೆಗಿರಬೇಕಂತೆ. ಆಮೇಲೆ ಎಂದೆ.

ಡಿಸೆಂಬರ್ 4, ಬುಧವಾರ

ಕೆ.ಆರ್. ಪೇಟೆಗೆ ಹೋಗಿ ಬಂದೆ. ಲೋಕೇಶ್ ನಾನು ಊಹಿಸಿದ್ದಕ್ಕಿಂತ ಚಿಕ್ಕವರು. ಕುರ್ಚಿ ಎಳೆದು ಕೂರಿಸಿದರು. ಕಾಫಿ ತರಿಸಿದರು. ಅರ್ಪಿತಳ ಹೆಸರು ಹೇಳುವಾಗಲೆಲ್ಲ ದನಿ ತಗ್ಗಿಸಿದರು. ತಿಂಗಳ ಕೊನೆಗೆ ಶ್ರದ್ಧಾಂಜಲಿ ಸಭೆಯಿದೆ, ದೊಡ್ಡ ಫೋಟೋ ಮಾಡಿಸುತ್ತೇವೆ, ನಾನು ಬರಬೇಕು ಎಂದರು.

ಫೋಟೋ ಬೇಡವೆಂದೆ. ಅವಳು ಕೊಟ್ಟ ಅಂಕ ಉಳಿಸಿ ಎಂದೆ.

"ತಪ್ ತಿಳ್ಕಬ್ಯಾಡಿ ಸಾರ್. ಸೆಮಿಸ್ಟರ್ ಪೇಪರಲ್ಲಿ ಪ್ರಶ್ನೆ ಎಲ್ಲಾ ಇಂಗ್ಲೀಷ್ನಲ್ಲಿ ಬತ್ತವೆ. ಅಲ್ಲಿ ನೀರುಗಂಟಿ ಅಂತ ಬರುದ್ರೆ ಯಾರ್ ಮಾರ್ಕ್ಸ್ ಕೊಡ್ತಾರೆ? ಈ ಮಕ್ಳಿಗೆ ನಾನು ಕೆಟ್ಟವನಾದ್ರೂ ಪರವಾಗಿಲ್ಲ."

ದುರ್ಬಲ ವಾದವಲ್ಲ. ಆದರೆ ಎರಡು ಮಾತುಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿದ್ದರು. ಬಿಚ್ಚಿದೆ. ತಮ್ಮ ಆಕ್ಷೇಪ ಭಾಷೆಯ ಮೇಲೋ, ತಿಳಿವಳಿಕೆಯ ಮೇಲೋ? ಭಾಷೆಯ ಮೇಲಾದರೆ ಇಂಗ್ಲಿಷ್ ಪದಗಳನ್ನು ಕಲಿಸಿ, ಅಂಕ ಕಸಿಯಬೇಡಿ. ತಿಳಿವಳಿಕೆಯ ಮೇಲಾದರೆ, ಅವಳ ಪಾಠದಲ್ಲಿ ತಪ್ಪೆಲ್ಲಿದೆ, ತೋರಿಸಿ.

ತೋರಿಸಲಿಲ್ಲ. ಪಾಠದ ಹಾಳೆಯನ್ನು ಓದಿಯೇ ಇರಲಿಲ್ಲವೆಂದು ಮುಖ ಹೇಳಿತು. ಓದುವ ದಿನಗಳ ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಇಂಥ ಮುಖಗಳನ್ನು ಬೇಕಾದಷ್ಟು ಕಂಡಿದ್ದೇನೆ. ಆ ಕ್ಷಣದಲ್ಲಿಯೇ ಸವಾಲು ಹಾಕಬೇಕು. ಹಾಕಿದೆ. ಶನಿವಾರ 14ಕ್ಕೆ ಒಂದು ಗಂಟೆ ಕೊಡಿ. ಆ ತರಗತಿಯ ಮಕ್ಕಳ ಎದುರಿಗೇ ಅವಳ ಪಾಠವನ್ನು ನಾನು ಸಮರ್ಥಿಸುತ್ತೇನೆ. ನೀವು ವಿಷಯದ ಮೇಲೆ ಏನು ಬೇಕಾದರೂ ಕೇಳಿ. ಪ್ರೋಗ್ರಾಂ ಬರೆದು ಓಡಿಸಿಯೂ ತೋರಿಸುತ್ತೇನೆ. ಸೋತರೆ ಮರುಪರೀಕ್ಷೆಗೆ ನನ್ನ ಅಡ್ಡಿಯಿಲ್ಲ.

"ಸಾರ್, ನೀವು ನೀರಾವರಿ ಇಲಾಖೆಯಲ್ಲಿದ್ದೋರು ಅಲ್ವಾ..."

ಹೌದು. ಆದ್ದರಿಂದಲೇ ನೀರುಗಂಟಿಯ ಬಗ್ಗೆ ನಿಮಗಿಂತ ಹೆಚ್ಚು ಬಲ್ಲೆ ಎಂದೆ. ನಕ್ಕರು. ಒಪ್ಪಿದರು. ಉತ್ತರಪತ್ರಿಕೆಗಳ ಜೆರಾಕ್ಸ್ ಕೊಟ್ಟು ಕಳಿಸಿದರು.

ಹಿಂದಿರುಗುವಾಗ ಚಿನಕುರಳಿಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಹೊರಗೆ ನೋಡಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಯಂತ್ರ ನನ್ನ ವಾಗ್ಝರಿಗೆ ಮಣಿಯುವುದಿಲ್ಲ. ಸಾಲಿನ ಆರಂಭದಲ್ಲಿ ನಾಲ್ಕು ಅಕ್ಷರದಷ್ಟು ಜಾಗ ಬಿಡಲಿಲ್ಲವೆಂದು ಇಡೀ ಪ್ರೋಗ್ರಾಂ ತಿರಸ್ಕರಿಸಿತು. ಜಾಗ ಬಿಟ್ಟೆ. ಒಂದು ಕೋಲನ್ ಇಲ್ಲವೆಂದಿತು. ಅದನ್ನೂ ಹಾಕಿದೆ. ಲೂಪ್ ಆರಂಭವಾಯಿತು, ನಿಲ್ಲಲಿಲ್ಲ. ಪರದೆಯ ತುಂಬ ಒಂದೇ ಸಾಲು ಸುರಿಯತೊಡಗಿತು. ನಿಲ್ಲುವ ಷರತ್ತನ್ನು ಹೇಳುವುದನ್ನೇ ಮರೆತಿದ್ದೆ.

ನನಗೆ ಪಾಠ ಹೇಳಿಕೊಡಲು ಬಂದಿದ್ದ ನೂರ್ ಫಾತಿಮಾ ಎರಡು ಕೀಲಿ ಒತ್ತಿ ನಿಲ್ಲಿಸಿದಳು. "ಮೇಡಂ ಹೇಳ್ತಿದ್ರು, ನಮ್ಮಪ್ಪನಿಗೆ ಬೆಲ್ ಹೊಡೀದಿದ್ರೆ ಭಾಷಣ ನಿಲ್ಸಕಿಲ್ಲ ಅಂತ."

ಅರ್ಪಿತ ನನ್ನ ಬಗ್ಗೆ ತರಗತಿಯಲ್ಲಿ ಮಾತಾಡುತ್ತಿದ್ದಳೆಂದು ಗೊತ್ತಿರಲಿಲ್ಲ. ಇನ್ನೇನು ಹೇಳುತ್ತಿದ್ದಳೆಂದು ಕೇಳಲಿಲ್ಲ. ಮುಂದಿನ ಪಾಠ ತೆಗೆ ಎಂದೆ.

ಪ್ರೋಗ್ರಾಂ, ಪ್ರೊಸೆಸ್: ವ್ಯತ್ಯಾಸ ಇಂದು ಖಚಿತವಾಯಿತು. ಬರೆದಿಟ್ಟ ಭಾಷಣ ಪ್ರೋಗ್ರಾಂ. ವೇದಿಕೆಯ ಮೇಲೆ ನಿಂತು ಆಡುತ್ತಿರುವ ಭಾಷಣ ಪ್ರೊಸೆಸ್. ಬರೆದವರು ಇಲ್ಲದಿದ್ದರೂ ಹಾಳೆ ಉಳಿಯುತ್ತದೆ. ಯಾರಾದರೂ ಎದ್ದು ಆಡಬೇಕು, ಅಷ್ಟೆ.

ಮಂಗಳಮ್ಮ ಮತ್ತೆ ಬೀರುವಿನ ಮಾತೆತ್ತಿದಳು. "ಒಬ್ಳೇ ಆಗಕಿಲ್ಲ ಕನ್ರೀ. ಒಂದ್ ಗಳ್ಗೆ ಬಂದು ಕುಂತ್ಕಳಿ." ಶನಿವಾರ ಮುಗಿಯಲಿ ಎಂದೆ. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಡಿಸೆಂಬರ್ 11, ಬುಧವಾರ

ನಾಲ್ಕು ದಿನ ಇಲ್ಲಿ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಅವಳ ಪಾಠದಲ್ಲಿ ತಪ್ಪಿದೆ.

ಅರ್ಪಿತಳ ಪಾಠದ ಹಾಳೆಯ ಕೊನೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇದೆ. ನಾಲ್ಕು ತೂಬು. ಮೇಲಿನಿಂದ ನೋಡುತ್ತಾ ಬಾ; ನೀರು ಬೇಕೆನ್ನುವ ಮೊದಲ ತೂಬನ್ನು ಸ್ವಲ್ಪ ಹೊತ್ತು ತೆರೆ; ಮುಚ್ಚು; ಮತ್ತೆ ಮೇಲಿನಿಂದ ನೋಡು. ಕೆಳಗೆ ಅವಳ ಮಾತು: "ಹೀಗೆ ಎಲ್ಲರಿಗೂ ಸರದಿ ಬರುತ್ತದೆ." ಅದನ್ನು ಹಾಗೆಯೇ ಟೈಪ್ ಮಾಡಿ ಓಡಿಸಿದೆ. ಮೊದಲನೆಯ ತೂಬಿಗೆ ನೀರು, ಎರಡನೆಯದಕ್ಕೆ ಒಂದಿಷ್ಟು, ಮತ್ತೆ ಮೊದಲನೆಯದು. ಕೊನೆಯ ತೂಬಿನ ಎದುರು ಸೊನ್ನೆ. ಎಷ್ಟು ಸಲ ಓಡಿಸಿದರೂ ಸೊನ್ನೆ. ನನ್ನ ಬೆರಳಿನ ತಪ್ಪೆಂದು ಅಕ್ಷರ ಅಕ್ಷರ ಹೋಲಿಸಿದೆ. ಅಲ್ಲ.

ಪ್ರತಿ ಸಲ ಮೇಲಿನಿಂದಲೇ ನೋಡಿದರೆ ಕೆಳಗಿನವನವರೆಗೆ ಕಣ್ಣು ಹೋಗುವುದೇ ಇಲ್ಲ. ಮೇಲಿನವನು ಬೇಡವೆಂದರೆ ತಾನೆ? ಪುಸ್ತಕದಲ್ಲಿ ಇದಕ್ಕೆ ಹೆಸರೇ ಇದೆ, ಸ್ಟಾರ್ವೇಶನ್. ಸರದಿ ಬಾರದೆ ಹಸಿದು ಕೂರುವುದು.

ಯಾಕೆ ಈ ತಪ್ಪು ಮಾಡಿದಳೆಂದು ಬಲ್ಲೆ. ಹುಟ್ಟಿ ಬೆಳೆದದ್ದು ಕೆ.ಆರ್.ಎಸ್. ಕ್ವಾರ್ಟರ್ಸಿನಲ್ಲಿ. ಅಣೆಕಟ್ಟಿನ ಬುಡದಲ್ಲಿ. ನಾಲೆ ಶುರುವಾಗುವ ಜಾಗ ಅವಳ ಆಟದ ಮೈದಾನ. ಮುಗಿಯುವ ಜಾಗವನ್ನು ಅವಳು ಕಂಡಿಲ್ಲ. ಗೇಟಿನ ಪಕ್ಕದಲ್ಲಿ ಬೆಳೆದ ಮಕ್ಕಳಿಗೆ ನೀರೆಂದರೆ ಬಂದೇ ಬರುವ ವಸ್ತು.

ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡು ಗೆಲ್ಲಬಹುದಿತ್ತು. ಲೋಕೇಶರಿಗೆ ಇದು ಕಾಣುವುದಿಲ್ಲ. ಆದರೆ ಜೆರಾಕ್ಸಿನ ಕಟ್ಟಿನಲ್ಲಿ ಒಂದು ಉತ್ತರವಿದೆ. ನಿಂಗರಾಜು, ನಾಗಮಂಗಲದ ಕಡೆಯ ಹುಡುಗ. ಬರೆದಿದ್ದಾನೆ: "ಮೇಲಿನವರ ಗದ್ದೆ ತುಂಬುವುದೇ ಇಲ್ಲ, ಆದ್ದರಿಂದ ಕೊನೆಯ ಪ್ರೋಗ್ರಾಂ ಕಾಯುತ್ತಲೇ ಇರುತ್ತದೆ." ಹತ್ತಕ್ಕೆ ಎರಡು ಕೊಟ್ಟಿದ್ದಾಳೆ. ಪಕ್ಕದಲ್ಲಿ: "ಪಾಠ ಮತ್ತೊಮ್ಮೆ ಓದು."

ಪಾಠ ಓದಿದ್ದರೆ ಅವನೂ ತಪ್ಪನ್ನೇ ಬರೆಯುತ್ತಿದ್ದ.

ಡಿಸೆಂಬರ್ 12, ಗುರುವಾರ. ಮಧ್ಯಾಹ್ನ

ನೂರ್ ಫಾತಿಮಾಳಿಗೆ ತೋರಿಸಿದೆ. ಪರದೆಯನ್ನು ನೋಡಿದಳು. ಸೊನ್ನೆಯನ್ನು ನೋಡಿದಳು. ಅವಳಿಗೆ ಕೋಪ ಬಂತು. ಯಂತ್ರದ ಮೇಲಲ್ಲ, ನನ್ನ ಮೇಲೆ.

"ಯಾಕ್ ಸಾರ್ ಹೇಳ್ಬೇಕು? ಲೋಕೇಶ್ ಸಾರ್‌ಗೆ ಗೊತ್ತೇ ಆಗಕಿಲ್ಲ. ಮೇಡಂ ಇಲ್ದೇ ಇರೋವಾಗ ಅವ್ರ ತಪ್ಪು ಎಲ್ಲರ್ ಮುಂದೆ... ನೀವು ಅವ್ರಪ್ಪ ಸಾರ್."

ಅಪ್ಪನೆಂದೇ ಹೇಳಬೇಕು ಎಂದೆ. ಬದುಕಿದ್ದಿದ್ದರೆ ಊಟದ ತಟ್ಟೆಯ ಮುಂದೆಯೇ ಹೇಳುತ್ತಿದ್ದೆ. ಅವಳೂ ಒಂದು ಗಂಟೆ ವಾದಿಸಿ, ಕೊನೆಗೆ ಎದ್ದು ಹೋಗಿ ತಿದ್ದಿಕೊಳ್ಳುತ್ತಿದ್ದಳು. ಸತ್ತಿದ್ದಾಳೆಂದು ರಿಯಾಯಿತಿ ಕೊಟ್ಟರೆ, ಲೋಕೇಶರ ಆ ದೊಡ್ಡ ಫೋಟೋಗೂ ನನಗೂ ಏನು ವ್ಯತ್ಯಾಸ? ಅವಳು ಉಪನ್ಯಾಸಕಿ. ಉಪನ್ಯಾಸಕಿಯ ಪಾಠವನ್ನು ತಿದ್ದಬಹುದು. ಹಾರ ಹಾಕಿದ ಫೋಟೋವನ್ನು ತಿದ್ದಲಾಗದು.

ಹುಡುಗಿ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿ ಎಳೆದಳು. "ಎಲ್ ಸರಿ ಮಾಡೋದು ಅಂತಾನಾದ್ರೂ ನೋಡವಾ ಬನ್ನಿ."

ಒಂದೇ ಒಂದು ಸಾಲು. ಕಳೆದ ಸಲ ಯಾವ ತೂಬಿನಲ್ಲಿ ನಿಲ್ಲಿಸಿದೆ ಎಂಬುದನ್ನು ನೆನಪಿಡು. ಅಲ್ಲಿಂದ ಮುಂದಕ್ಕೆ ನೋಡು. ಓಡಿಸಿದೆವು. ಕೊನೆಯ ತೂಬಿನ ಎದುರಿನ ಸೊನ್ನೆ ಒಂದಾಯಿತು. ಎರಡಾಯಿತು.

"ಬಂತು ಸಾರ್ ನೀರು," ಎಂದಳು.

ಡಿಸೆಂಬರ್ 14, ಶನಿವಾರ. ಸಂಜೆ

ಮುಗಿಯಿತು.

ತರಗತಿ ತುಂಬಿತ್ತು. ಲೋಕೇಶ್ ಮುಂದಿನ ಬೆಂಚಿನಲ್ಲಿ. ಅವಳು ನಿಲ್ಲುತ್ತಿದ್ದ ವೇದಿಕೆ. ಹತ್ತುವ ಮುನ್ನ ಒಂದು ಕ್ಷಣ ನಿಂತೆ. ಸಭಾಕಂಪವೆಂದು ಯಾರಾದರೂ ತಿಳಿದರೆ ತಿಳಿಯಲಿ.

ಲೋಕೇಶ್ ಪ್ರಶ್ನೆಗಳನ್ನು ಕೇಳಿದರು. ನ್ಯಾಯವಾಗಿಯೇ ಕೇಳಿದರು. ಪ್ರೊಸೆಸ್ ಎಂದರೇನು, ಮೆಮೊರಿಗೂ ಡಿಸ್ಕಿಗೂ ಏನು ಅಂತರ, ಸರದಿಯ ಹೊತ್ತು ತೀರಾ ಕಿರಿದಾದರೆ ಏನಾಗುತ್ತದೆ. ಕೊನೆಯದಕ್ಕೆ, ನೀರುಗಂಟಿ ತೂಬಿನಿಂದ ತೂಬಿಗೆ ಓಡುವುದರಲ್ಲೇ ದಿನ ಮುಗಿಯುತ್ತದೆ, ಗದ್ದೆ ನೆನೆಯುವುದಿಲ್ಲ ಎಂದೆ. ಹಿಂದಿನ ಬೆಂಚುಗಳಲ್ಲಿ ನಗು. ಲೋಕೇಶರೂ ನಕ್ಕು, ಸಾಕು ಎಂಬಂತೆ ಕೈಯೆತ್ತಿದರು. ಗೆದ್ದಿದ್ದೆ. ಅಲ್ಲಿಗೇ ಕೂರಬಹುದಿತ್ತು.

ಕೂರಲಿಲ್ಲ. ಅವಳ ಪ್ರೋಗ್ರಾಂ ಓಡಿಸಿದೆ, ಅವಳು ಬರೆದಂತೆಯೇ. ಸೊನ್ನೆಯನ್ನು ತೋರಿಸಿದೆ. ಇದು ಅರ್ಪಿತ ಮೇಡಂ ಅವರ ತಪ್ಪು ಎಂದೆ. ಮಗಳೆಂದು ಅನ್ನಲಿಲ್ಲ. ನಿಂಗರಾಜು ಯಾರು ಎಂದೆ. ಎದ್ದು ನಿಂತ, ಏನೋ ತಪ್ಪು ಮಾಡಿದವನಂತೆ. ನಿನ್ನ ಉತ್ತರಕ್ಕೆ ಆಧಾರವೇನು ಎಂದು ಕೇಳಿದೆ.

"ಆಧಾರ ಏನಿಲ್ಲ ಸಾ. ನಮ್ದು ಕೊನೇ ತೂಬು. ಮೇಲ್ಗಡೆಯವ್ರು ಬುಟ್ರೆ ತಾನೆ ನಮ್ಗೆ? ಅಂಗೆ ಬರ್ದೆ."

ಸರಿಯಾಗಿ ಬರೆದಿದ್ದೀಯೆ ಎಂದೆ. ತಿದ್ದಿದ ಪ್ರೋಗ್ರಾಂ ಓಡಿಸಿದೆ. ನೂರ್ ಫಾತಿಮಾ ಎದ್ದು, ಆ ಒಂದು ಸಾಲು ಏನು ಮಾಡುತ್ತದೆಂದು ತಾನೇ ವಿವರಿಸಿದಳು. ಇಂಗ್ಲಿಷ್ ಹೆಸರುಗಳನ್ನೂ ಸೇರಿಸಿ.

ಲೋಕೇಶ್ ಹೊರಗೆ ಕಾರಿಡಾರಿನಲ್ಲಿ ಹಿಡಿದರು. "ಸಾರ್, ಆ ತಪ್ಪು ನನ್ ಕಣ್ಣಿಗೆ ಬಿದ್ದೇ ಇರ್ಲಿಲ್ಲ."

ಗೊತ್ತಿತ್ತು. ಅದಕ್ಕೇ ಹೇಳಿದೆ, ಎಂದೆ.

ಮರುಪರೀಕ್ಷೆ ಇಲ್ಲ. ಅಂಕಗಳು ಅವಳು ಕೊಟ್ಟಂತೆಯೇ ನಿಲ್ಲುತ್ತವೆ. ನಿಂಗರಾಜುವಿನದು ಮಾತ್ರ ಎಂಟಾಗುತ್ತದೆ. ಇಂಗ್ಲಿಷ್ ಪದಗಳನ್ನು ಕಲಿಸಲು ಬೇರೆ ಅವಧಿ ಇಡುತ್ತಾರೆ. ಆ ಅಂಶವನ್ನು ಬಿಟ್ಟುಕೊಟ್ಟೆ. ಶ್ರದ್ಧಾಂಜಲಿ ಸಭೆ ಮಾತ್ರ ಬೇಡವೇ ಬೇಡ ಎಂದೆ. ಬೇಕಾದರೆ ತಿದ್ದಿದ ಪಾಠದ ಹಾಳೆಯನ್ನು ಅವಳ ಹೆಸರಿನಲ್ಲಿಯೇ ಪ್ರತಿ ವರ್ಷ ಹಂಚಿ ಎಂದೆ.

ಒಂದು ಅಂಕೆಯನ್ನೂ ಬದಲಾಯಿಸಲು ಬಿಡೆನೆಂದಿದ್ದೆ. ಒಂದು ಬದಲಾಯಿತು. ಬದಲಾಯಿಸಿದವನು ನಾನು. ಅವಳೆದುರು ಮೊದಲ ಸಲ ಗೆದ್ದೆ. ಸಂತೋಷವಾಗಲಿಲ್ಲ.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ

ಹತ್ತಕ್ಕೆ ಕಂಪ್ಯೂಟರ್ ಹಾಕಿದೆ. ನಾಲ್ಕನೆಯ ಅಧ್ಯಾಯ, ಮೆಮೊರಿ. ಕಲಿಯಲೇಬೇಕಾದ ಕಾರಣ ಇನ್ನಿಲ್ಲ. ಆದರೂ ಕಲಿಯುತ್ತೇನೆ. ಮುಂದಿನ ವಾರ ನಿಂಗರಾಜು ನೂರ್ ಫಾತಿಮಾಳ ಜೊತೆ ಬರುತ್ತಾನಂತೆ, ಪ್ರಶ್ನೆಗಳಿವೆಯಂತೆ. ಬರಲಿ.

ತೂಬಿನ ಪ್ರೋಗ್ರಾಂ ಇನ್ನೂ ತೆರೆದಿತ್ತು. ಸುಮ್ಮನೆ ಓಡಿಸಿದೆ. ಅಂಕಿಗಳು ಏರುತ್ತ ಹೋದವು, ನಾಲ್ಕೂ ಒಟ್ಟೊಟ್ಟಿಗೆ. ಯಾವ ತೂಬಿನಲ್ಲಿ ನಿಲ್ಲಿಸಿದೆ ಎಂಬುದನ್ನು ನೆನಪಿಡು.

ಈ ಎರಡು ವಾರ ನಾನು ಲೋಕೇಶರಿಗೆ ಹೊತ್ತು ಕೊಟ್ಟೆ. ಮಕ್ಕಳಿಗೆ ಕೊಟ್ಟೆ. ಪುಸ್ತಕಕ್ಕೆ, ಯಂತ್ರಕ್ಕೆ, ಸಂತಾಪ ಹೇಳಬಂದವರನ್ನು ಹಿಂದಿರುಗಿಸುವುದಕ್ಕೆ. ಪ್ರತಿ ಬೆಳಿಗ್ಗೆಯೂ ಮೇಲಿನಿಂದಲೇ ನೋಡಿದೆ.

ಹಜಾರದಲ್ಲಿ ಕೀಲಿಗೊಂಚಲಿನ ಸದ್ದು. ಮಂಗಳಮ್ಮ ಕರೆಯುತ್ತಿಲ್ಲ, ಕರೆಯುವುದನ್ನು ಶನಿವಾರಕ್ಕೆ ಮೊದಲೇ ನಿಲ್ಲಿಸಿದ್ದಾಳೆ. ಒಬ್ಬಳೇ ಹೋಗಿ ಅರ್ಪಿತಳ ಬೀರುವಿನ ಮುಂದೆ ಚಾಪೆ ಹಾಸಿಕೊಂಡು ಕುಳಿತಿದ್ದಾಳೆ. ಇಲ್ಲಿಂದ ಬೆನ್ನು ಕಾಣುತ್ತದೆ. ಬಾಗಿಲು ತೆಗೆದಿಲ್ಲ. ಚಾಪೆಯ ಅರ್ಧ ಖಾಲಿ ಬಿಟ್ಟಿದ್ದಾಳೆ.

ಮೆಮೊರಿಯ ಪಾಠ ನಾಳೆ. ಈಗ ಕೊನೆಯ ತೂಬಿನ ಸರದಿ.