ಐದನೆಯ ಮೇಣದಬತ್ತಿ

ನ್ಯೂಯಾರ್ಕ್, 3 ಡಿಸೆಂಬರ್ 1911, ಭಾನುವಾರ

ನಿನ್ನೆ ಶನಿವಾರ, ಸಬ್ಬತ್, ನಮ್ಮ ಯೆಹೂದ್ಯರ ವಿಶ್ರಾಂತಿಯ ದಿನ. ಬರೆಯುವಂತಿಲ್ಲ, ದೋಣಿ-ಟ್ರಾಮ್ ಹತ್ತುವಂತಿಲ್ಲ, ಬೀದಿಯಲ್ಲಿ ಗಂಟು ಹೊರುವಂತಿಲ್ಲ. ಅದಕ್ಕೇ ಇವತ್ತು ಎರಡು ದಿನದ್ದು ಸೇರಿಸಿ ಬರೆಯುತ್ತಿದ್ದೇನೆ.

ಶುಕ್ರವಾರ ಸಂಜೆ ಅಮ್ಮ ಎಂದಿನಂತೆ ಐದು ಬತ್ತಿ ಹಚ್ಚಿದಳು. ಅಪ್ಪ-ಅಮ್ಮನಿಗೆ ಎರಡು, ನನಗೊಂದು, ತಮ್ಮ ವೆಲ್ವೆಲ್‌ಗೊಂದು. ಐದನೆಯದು ಶಿಫ್ರಾ ಅಕ್ಕನದು. ಅಜ್ಜಿಯನ್ನು ನೋಡಿಕೊಳ್ಳಲು ಊರಲ್ಲೇ ಉಳಿದವಳು. ಮೂರು ವರ್ಷ ಅವಳ ಬತ್ತಿ ಅವಳಿಲ್ಲದೆ ಉರಿಯಿತು. ಅಜ್ಜಿ ತೀರಿಕೊಂಡ ಮೇಲೆ ಹಡಗು ಹತ್ತಿ ಬಂದಿದ್ದಾಳೆ... ಬಂದರಿನ ದ್ವೀಪದ ಆಸ್ಪತ್ರೆವರೆಗೆ. ವಲಸೆ ಬಂದವರನ್ನು ಪರೀಕ್ಷಿಸುವ ಡಾಕ್ಟರು ಅಲ್ಲೇ ತಡೆದಿದ್ದಾರೆ, ಕಣ್ಣು ಕೆಂಪಂತೆ. ವಾಸಿಯಾಗದಿದ್ದರೆ ವಾಪಸ್. ನೆನೆದರೆ ಅಳು ಬರುತ್ತದೆ.

6, ಬುಧವಾರ

ಆಸ್ಪತ್ರೆಯಿಂದ ಕಾರ್ಡ್ ಬಂತು — ಕಣ್ಣು ವಾಸಿ! ಶುಕ್ರವಾರ ಮೂರಕ್ಕೆ ಬಂದು ಕರೆದೊಯ್ಯಿರಿ ಎಂದಿದೆ. ಇಂಗ್ಲಿಷ್ ಓದಿ ಹೇಳಿದ್ದು ನಾನು. ಮೂರು ಸಲ ಓದಿಸಿದರು. ಕುಣಿದೆ. ಕೆಳಗಿನ ಮನೆಯ ಪೆಶಾ ಚಿಕ್ಕಮ್ಮ ಪೊರಕೆಯಿಂದ ಚಾವಣಿ ಕುಟ್ಟಿದಳು. ಇನ್ನೂ ಕುಣಿದೆ.

ಅಮ್ಮ ಮಾತ್ರ ಪಂಚಾಂಗ ಹಿಡಿದು ಕೂತಳು. ಶುಕ್ರವಾರ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಅಲ್ಲಿಂದ ಸಬ್ಬತ್.

"ದೋಣಿ ತಡವಾದ್ರೆ?"

"ಭಾನುವಾರದವರೆಗೆ ಇಬ್ರೂ ಅಲ್ಲೇ," ಎಂದ ಅಪ್ಪ. "ದೋಣಿ ಸಿಕ್ಕಿದ್ರೆ ಈ ದಡದಿಂದ ನಡ್ಕೊಂಡು ಬರ್ತೀವಿ."

"ದಾರೀಲಿ ಕತ್ತಲಾದ್ರೆ ಅವಳ ಗಂಟನ್ನ ಬೀದೀಲಿ ಬಿಸಾಕ್ತೀರಾ? ಅಜ್ಜಿ ಶಾಲು ಅದರಲ್ಲೇ ಇದೆ."

"ಅದನ್ನ ನನಗೆ ಬಿಡು."

7, ಗುರುವಾರ

ನಾಳೆ! ಹಾಸಿಗೆ ತುಂಬ ಶಾವಿಗೆ ಒಣಹಾಕಿದ್ದೇವೆ. ವೆಲ್ವೆಲ್ ಅದರ ಮೇಲೇ ಕೂತ. ಬೈಸಿಕೊಂಡ.

ಅಕ್ಕನಿಗೆ ನನ್ನ ಗುರುತು ಸಿಗುತ್ತದೆಯೇ? ಆಗ ನನಗೆ ಎಂಟು, ಮುಂದಿನ ಹಲ್ಲೂ ಇರಲಿಲ್ಲ.

8, ಶುಕ್ರವಾರ, 3.40

ಮೇಜು ಸಿದ್ಧ. ಬತ್ತಿ ಐದು. ಪೆಶಾ ಚಿಕ್ಕಮ್ಮ ಬಂದು, "ಬಂದರಲ್ಲಿ ಮಂಜು ಕವಿದಿದೆಯಂತೆ ಕಣೇ. ದೋಣಿ ಹೊರಟ ಹಾಗೇ," ಎಂದು ಹೋದಳು. ಅವಳ ಬಾಯಿಗಿಷ್ಟು... ಅಮ್ಮ ಮತ್ತೆ ಪಂಚಾಂಗ ತೆಗೆದಳು.

4.05

ಕಿಟಕಿಯಲ್ಲಿದ್ದೇನೆ. ಅಪ್ಪ! ಕೈ ಬೀಸಿಕೊಂಡು ಬರುತ್ತಿದ್ದಾನೆ, ಗಂಟಿಲ್ಲ. ಜೊತೆಗೆ ಯಾರೋ ಪೀಪಾಯಿಯಂಥ ಹೆಂಗಸು. ಅಕ್ಕ ಅಲ್ಲ. ಅಕ್ಕ ಕಡ್ಡಿ. ಅಮ್ಮನನ್ನು ಕೂಗಿದೆ.

ಅಮ್ಮ ಓಡಿ ಬಂದು ನೋಡಿ ನಗುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ. "ಅಜ್ಜಿ ಶಾಲು ಕಣೇ ಅದು. ಎಷ್ಟು ಲಂಗ ಹಾಕಿದಾಳೆ ನೋಡು, ಎರಡು ಕೋಟು ಬೇರೆ. ಗಂಟನ್ನೇ ತೊಡಿಸಿ ತಂದಿದಾರೆ ನಿಮ್ಮಪ್ಪ. ಮೈಮೇಲಿರೋದನ್ನ ಹೊರೆ ಅಂತ ಯಾರಂತಾರೆ?"

ಅಕ್ಕನೇ! ಮೆಟ್ಟಿಲಲ್ಲಿ ಸದ್ದು. ಅಷ್ಟೊಂದು ಲಂಗ, ನಿಧಾನ. ಎರಡನೇ ಮಹಡಿ... ಮೂರು...

"ಪೆನ್ಸಿಲ್ ಇಡೇ, ಬತ್ತಿ ಹಚ್ಚೋ ಹೊತ್ತು." ಇಡುತ್ತೇನೆ, ಇನ್ನೊಂದೇ ಸಾಲು. ಬಾಗಿಲು ತೆರೆಯಿತು.

"ಮಿಂಡೆಲ್, ಹಲ್ಲು ಬಂತೇನೇ?"

ಅಮ್ಮ ಬೆಂಕಿಪೊಟ್ಟಣವನ್ನು ಅಕ್ಕನ ಕೈಗೇ ಕೊಟ್ಟಳು, ಐದನೆಯದನ್ನು ಅವಳೇ...